ಆಯಿಲ್ ಲೈಟು ಬಂದ ಕೂಡಲೇ ಪಂಪ್ ಬಿಚ್ಚಬೇಡಿ

ಕಳೆದ ಮಳೆಗಾಲದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ತಮ್ಮ ಹಳೆಯ ಎಸ್ಟೀಮ್ ಕಾರನ್ನು ನಮ್ಮ ಶೆಡ್ಡಿಗೆ ತಂದರು. "ಹೊಸ ಆಯಿಲ್ ಪಂಪ್ ಹಾಕ್ಸಿ ಹದಿನೈದು ದಿನ ಆಗಿಲ್ಲ ಮಾರಾಯ್ರೇ, ಮತ್ತೆ ಲೈಟು ಬರ್ತಾ ಇದೆ" ಅಂದರು. ಬೇರೊಂದು ಕಡೆ ಪಂಪು, ಟೈಮಿಂಗ್ ಬೆಲ್ಟು, ಲೇಬರ್ ಎಲ್ಲಾ ಸೇರಿ ಅವರ ಪಿಂಚಣಿಯಲ್ಲಿ ದೊಡ್ಡ ಪಾಲೇ ಹೋಗಿತ್ತು. ಲೈಟು ಯಾವಾಗ ಬರುತ್ತದೆ ಅಂತ ಕೇಳಿದೆ. "ಹೈವೇಲಿ ಎಂಬತ್ತು ದಾಟಿದ್ರೆ ಬರುತ್ತೆ. ಸೈಡಿಗೆ ಹಾಕಿ ಆಫ್ ಮಾಡಿ ಹತ್ತು ನಿಮಿಷ ಬಿಟ್ರೆ ಹೋಗುತ್ತೆ" ಅಂದರು.

ಈ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಚೇಂಬರ್, ಅಂದರೆ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಇಳಿಸಿ ನೋಡಿದೆವು. ಪಂಪ್ ಆಯಿಲ್ ಎಳೆಯುವ ಬಾಯಲ್ಲಿರುವ ಸ್ಟ್ರೈನರ್ ಜಾಲರಿಗೆ, ಸೋರದಂತೆ ಮೆತ್ತುವ ಕೆಂಪು ಸಿಲಿಕಾನ್ ಪೇಸ್ಟಿನ ಎಳೆಗಳು ಶ್ಯಾವಿಗೆ ಹಾಗೆ ಅಂಟಿಕೊಂಡಿದ್ದವು. ಅದನ್ನು ಬೆರಳಿನಿಂದ ಎಬ್ಬಿಸಿದರೆ ಕೆಳಗೆ ಇನ್ನೊಂದು ಪದರ, ಬೂದು ಬಣ್ಣದ್ದು, ಗಟ್ಟಿಯಾಗಿತ್ತು. ಕೆಂಪು ಹದಿನೈದು ದಿನದ ಹಿಂದಿನದು, ಬೂದು ಅದಕ್ಕಿಂತ ಎಷ್ಟೋ ಹಳೆಯದು. ಅಂದರೆ ಮೊದಲ ಸಲ ಲೈಟು ಬಂದಾಗಲೂ ತಪ್ಪು ಪಂಪಿನದ್ದಲ್ಲ, ಜಾಲರಿ ಕಟ್ಟಿಕೊಂಡಿತ್ತು. ಪಂಪ್ ಬದಲಿಸಬೇಕಾದರೆ ಆ ಸ್ಟ್ರೈನರನ್ನು ಕೈಯಲ್ಲಿ ಹಿಡಿಯಲೇಬೇಕು. ಹಿಡಿದವರು ಮೇಲೆ ಮೇಲೆ ಒರೆಸಿ ಹಾಗೇ ವಾಪಸ್ ಹಾಕಿದ್ದಾರೆ, ಜೊತೆಗೆ ಚೇಂಬರಿಗೆ ಕೈತುಂಬಾ ಸಿಲಿಕಾನ್ ಮೆತ್ತಿದ್ದಾರೆ.

ಇದನ್ನು ಬರೆಯುವುದಕ್ಕೆ ಅದೇ ಕಾರಣ. ಪ್ರೆಷರ್ ಅಳೆಯದೆ ಪಂಪ್ ಬದಲಿಸುವ ಕೆಲಸವನ್ನು ತುಂಬಾ ನೋಡಿದ್ದೇನೆ, ದುಡ್ಡು ಹೋಗುತ್ತದೆ, ಕೆಲವೊಮ್ಮೆ ಇಂಜಿನ್ನೂ ಹೋಗುತ್ತದೆ.

ಪಂಪ್ ಪ್ರೆಷರ್ ಮಾಡುವುದಿಲ್ಲ

ಇದು ಮೊದಲು ತಲೆಗೆ ಹೋಗಬೇಕು. ಪಂಪ್ ಆಯಿಲನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಆಯಿಲಿಗೆ ಮುಂದೆ ದಾರಿ ಕಿರಿದಾಗಿದ್ದರೆ ಪ್ರೆಷರ್ ಹುಟ್ಟುತ್ತದೆ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೋಟಾರ್ ಚೆನ್ನಾಗಿಯೇ ಇರುತ್ತದೆ, ಆದರೆ ನಾಲ್ಕು ಜೆಟ್ ಸವೆದು ತೂತು ದೊಡ್ಡದಾದರೆ ಅಥವಾ ಎಲ್ಲೋ ಪೈಪ್ ಒಡೆದಿದ್ದರೆ ಕೊನೆಯ ಜೆಟ್ ತಿರುಗುವುದೇ ಇಲ್ಲ. ಇಂಜಿನ್ನಿನಲ್ಲಿ ಆ ಜೆಟ್ಟುಗಳ ಜಾಗದಲ್ಲಿ ಇರುವುದು ಕ್ರ್ಯಾಂಕಿನ ಮೇನ್ ಬೇರಿಂಗು, ಕನೆಕ್ಟಿಂಗ್ ರಾಡಿನ ಬೇರಿಂಗು, ಮೇಲೆ ಕ್ಯಾಮ್‌ಶಾಫ್ಟ್. ಶಾಫ್ಟಿಗೂ ಅದನ್ನು ಹಿಡಿದಿರುವ ಬೇರಿಂಗಿನ ಶೆಲ್ಲಿಗೂ ನಡುವೆ ಇರುವ ಸಂದು ಒಂದು ಎಂ.ಎಂ.ನ ನೂರನೇ ಕೆಲವು ಭಾಗ ಮಾತ್ರ. ಅದು ಸವೆದು ದೊಡ್ಡದಾದರೆ ಆಯಿಲ್ ಸರಾಗವಾಗಿ ಸುರಿದು ಹೋಗುತ್ತದೆ, ಪ್ರೆಷರ್ ಗೇಜಿನ ಮುಳ್ಳು ಕೆಳಗಿಳಿಯುತ್ತದೆ. ಆಗ ಹೊಸ ಪಂಪ್ ಹಾಕಿದರೆ ಸ್ವಲ್ಪ ದಿನ ಚೂರು ಮೇಲಾದಂತೆ ಕಾಣಬಹುದು, ಕಾಯಿಲೆ ಅಲ್ಲೇ ಇರುತ್ತದೆ.

ಎಸ್ಟೀಮ್, 1.3 ಜಿಪ್ಸಿ, ಹಳೆಯ ಝೆನ್, ಇವುಗಳ ಜಿ ಸರಣಿ ಇಂಜಿನ್ನಿನಲ್ಲಿ ಪಂಪ್ ಕ್ರ್ಯಾಂಕಿನ ಮುಂದಿನ ತುದಿಯಲ್ಲೇ, ಟೈಮಿಂಗ್ ಬೆಲ್ಟಿನ ಹಿಂದೆ ಕೂತಿರುತ್ತದೆ. ಒಳಗೆ ಎರಡು ರೋಟರ್. ಒಳಗಿನದ್ದನ್ನು ಕ್ರ್ಯಾಂಕ್ ನೇರವಾಗಿ ತಿರುಗಿಸುತ್ತದೆ, ಹೊರಗಿನದ್ದಕ್ಕೆ ಒಂದು ಹಲ್ಲು ಜಾಸ್ತಿ. ಎರಡರ ನಡುಬಿಂದು ಒಂದೇ ಕಡೆ ಇಲ್ಲ, ಸ್ವಲ್ಪ ಆಚೀಚೆ. ಹಾಗಾಗಿ ತಿರುಗುವಾಗ ಒಂದು ಕಡೆ ಹಲ್ಲುಗಳ ನಡುವಿನ ಜಾಗ ಅಗಲವಾಗುತ್ತಾ ಹೋಗಿ ಆಯಿಲನ್ನು ಎಳೆಯುತ್ತದೆ, ಇನ್ನೊಂದು ಕಡೆ ಕಿರಿದಾಗುತ್ತಾ ಹೋಗಿ ತಳ್ಳುತ್ತದೆ. ಅಂಬಾಸಡರಿನ ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಪಂಪಿಗೆ ತಿರುಗಾಟ ಸಿಗುವುದು ಕ್ಯಾಮ್‌ಶಾಫ್ಟಿನಿಂದ, ಅಂದರೆ ಇಂಜಿನ್ 3000 ಆರ್‌ಪಿಎಂ ಇದ್ದಾಗ ಕ್ಯಾಮ್ 1500 ಸುತ್ತು. ಕ್ರ್ಯಾಂಕಿನಲ್ಲೇ ಕೂತ ಪಂಪ್ ಪೂರ್ತಿ 3000 ಸುತ್ತು ತಿರುಗುತ್ತದೆ.

ದಾರಿ ಹೀಗೆ: ಚೇಂಬರ್, ಜಾಲರಿ, ಪಂಪು, ಫಿಲ್ಟರ್, ಮೇನ್ ಗ್ಯಾಲರಿ (ಬ್ಲಾಕಿನೊಳಗಿನ ಮುಖ್ಯ ಆಯಿಲ್ ದಾರಿ), ಅಲ್ಲಿಂದ ಬೇರಿಂಗುಗಳು ಮತ್ತು ಹೆಡ್. ಪಂಪಿನ ಪಕ್ಕದಲ್ಲೇ ಒಂದು ರಿಲೀಫ್ ವಾಲ್ವ್ ಇರುತ್ತದೆ, ಒಂದು ಪ್ಲಂಜರು ಮತ್ತು ಅದರ ಹಿಂದೆ ಸ್ಪ್ರಿಂಗು. ಪ್ರೆಷರ್ ಮಿತಿ ದಾಟಿದರೆ ಅದು ಬಾಯಿ ತೆರೆದು ಹೆಚ್ಚಾದ ಆಯಿಲನ್ನು ವಾಪಸ್ ಬಿಡುತ್ತದೆ.

ಲೈಟು ಯಾವಾಗ ಬರುತ್ತದೆ, ಅದನ್ನು ಗಮನಿಸಿ

ಕೆಂಪು ಆಯಿಲ್ ಲೈಟು ಮಟ್ಟ ತೋರಿಸುವುದಿಲ್ಲ, ಪ್ರೆಷರ್ ತೋರಿಸುತ್ತದೆ. ಅದೂ ಸುಮಾರು 0.3 ಕೆಜಿಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ ಲೆಕ್ಕ) ಇಳಿದಾಗ. 3 ಕೆಜಿ ಇರಬೇಕಾದ ಕಡೆ 1 ಕೆಜಿ ಇದ್ದರೂ ಲೈಟು ಸುಮ್ಮನೆ ಇರುತ್ತದೆ. ಹಾಗಾಗಿ ಓಡಿಸುವಾಗ ಲೈಟು ಬಂತು ಅಂದರೆ ಇಂಜಿನ್ ಆಗಲೇ ಒಣಗುತ್ತಿದೆ ಅಂತ. ಮನೆ ಎರಡೇ ಕಿಲೋಮೀಟರ್ ಅಂತ ಹೋಗಬೇಡಿ. ಅಲ್ಲೇ ನಿಲ್ಲಿಸಿ, ಆಫ್ ಮಾಡಿ.

ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮೊದಲು, ಲೈಟು ಬರಲೇಬೇಕು. ಬರದಿದ್ದರೆ ಬಲ್ಬ್ ಅಥವಾ ವೈರ್ ಹೋಗಿದೆ, ಅದನ್ನು ಮೊದಲು ಸರಿ ಮಾಡಿಸಿ. ಘಟ್ಟದ ತಿರುವಿನಲ್ಲಿ ಮಾತ್ರ ಬಂದು ಹೋಗುತ್ತದೆ, ಆಗುಂಬೆಯ 14 ತಿರುವಿನಲ್ಲಿ ನಾಲ್ಕು ಕಡೆ ಮಿನುಗಿತು ಅಂತಾದರೆ ಆಯಿಲ್ ಕಡಿಮೆ ಇದೆ. ಕಾರು ವಾಲಿದಾಗ ಆಯಿಲ್ ಒಂದು ಮೂಲೆಗೆ ಹೋಗಿ ಜಾಲರಿ ಗಾಳಿ ಎಳೆಯುತ್ತದೆ. ಇಂಜಿನ್ ಬಿಸಿಯಾದ ಮೇಲೆ, ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಮಿನುಗಿದರೆ ಆಯಿಲ್ ತೆಳುವಾಗಿದೆ ಇಲ್ಲವೇ ಬೇರಿಂಗ್ ಸವೆದಿದೆ. ಸವೆದ ಪಂಪೂ ಹೀಗೇ ತೋರಿಸಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡ್ ಲೈಟು ಹೋಗುವುದಿಲ್ಲ, ಟ್ಯಾಪೆಟ್ ಟಕಟಕ ಅನ್ನುತ್ತದೆ, ಆಮೇಲೆ ಎಲ್ಲಾ ಸರಿ ಅಂದರೆ ನನ್ನ ಮೊದಲ ಅನುಮಾನ ಫಿಲ್ಟರ್ ಮೇಲೆ. ಒಳ್ಳೆಯ ಫಿಲ್ಟರಿನ ಒಳಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ರಾತ್ರಿ ಆಯಿಲ್ ಕೆಳಗೆ ಇಳಿದು ಹೋಗದಂತೆ ತಡೆಯುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಬಾವಿ ಪಂಪಿನ ಫುಟ್‌ವಾಲ್ವ್ ಸೋರಿದರೆ ದಿನಾ ಬೆಳಿಗ್ಗೆ ನೀರು ತುಂಬಿಸಬೇಕಾಗುತ್ತದಲ್ಲ, ಅದೇ ಕತೆ.

ಇನ್ನು ಮೇಷ್ಟ್ರ ಕಾರಿನ ಹಾಗೆ, ನಿಂತಲ್ಲಿ ಸರಿ ಇದ್ದು ರೇಸ್ ಜಾಸ್ತಿ ಆದಾಗ ಲೈಟು ಬಂದರೆ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಹೋದರೆ, ನೇರವಾಗಿ ಜಾಲರಿ ನೋಡಿ. ಪಂಪ್ ಜೋರಾಗಿ ಎಳೆದಾಗ ಕಸ ಜಾಲರಿಗೆ ಬಿಗಿಯಾಗಿ ಹತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಸಡಿಲವಾಗಿ ಬೀಳುತ್ತದೆ. ಪಂಪ್ ಸವೆದಿದ್ದರೆ ಹೀಗೆ ಆಗುವುದಿಲ್ಲ, ರೇಸ್ ಜಾಸ್ತಿ ಆದಷ್ಟೂ ಪ್ರೆಷರ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಡಿಪ್‌ಸ್ಟಿಕ್, ಸ್ವಿಚ್, ಆಮೇಲೆ ಗೇಜ್

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಮಟ್ಟ ನೋಡಿದರೆ ಸಾಲದು. ಒಂದು ಹನಿ ಬೆರಳಿಗೆ ಹಾಕಿ ಉಜ್ಜಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ, ಎಲ್ಲೋ ಇಂಜೆಕ್ಟರ್ ಅಥವಾ ಕಾರ್ಬೊರೇಟರ್ ಪೆಟ್ರೋಲ್ ಸೋರಿಸುತ್ತಿದೆ. ಮಟ್ಟ ತಾನಾಗಿ ಏರಿದ್ದರಂತೂ ಖಾತ್ರಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ, ಹೆಡ್ ಪ್ಯಾಕಿಂಗ್ ಕಡೆ ನೋಡಿ.

ಆಯಿಲ್ ಸರಿ ಇದ್ದರೆ ಪ್ರೆಷರ್ ಸ್ವಿಚ್. ಸಾಮಾನ್ಯವಾಗಿ ಬ್ಲಾಕಿನಲ್ಲಿ ಫಿಲ್ಟರಿನ ಆಸುಪಾಸಿನಲ್ಲಿರುತ್ತದೆ, ಒಂದೇ ವೈರ್. ಕೀ ಆನ್ ಇಟ್ಟು ಆ ವೈರ್ ಕಿತ್ತುಬಿಡಿ, ಲೈಟು ಆರಬೇಕು. ಆರದಿದ್ದರೆ ವೈರ್ ಎಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿದೆ, ಇಂಜಿನ್ನಿಗೆ ಏನೂ ಆಗಿಲ್ಲ. ಇಷ್ಟಕ್ಕೇ ಕೆಲಸ ಮುಗಿದ ಕಾರುಗಳೂ ನಮ್ಮಲ್ಲಿಗೆ ಬಂದಿವೆ. ಸ್ವಿಚ್ಚಿನ ತುದಿಯಲ್ಲಿ ಆಯಿಲ್ ಒಸರಿದ್ದರೆ ಸ್ವಿಚ್ಚೇ ಹೋಗಿದೆ.

ಇಷ್ಟಕ್ಕೂ ಸಿಗದಿದ್ದರೆ ಗೇಜ್ ಹಾಕಲೇಬೇಕು. ಗೇಜ್ ಇಲ್ಲದೆ ಮಾಡುವ ಯಾವ ತೀರ್ಮಾನವನ್ನೂ ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜಿನ ಪೈಪ್ ಕೂರಿಸಬೇಕು. ಹೆಚ್ಚಿನ ಜಪಾನಿ ಮೂಲದ ಇಂಜಿನ್ನುಗಳಲ್ಲಿ ಇದು ಎಂಟನೇ ಒಂದು ಇಂಚಿನ ಬಿಎಸ್‌ಪಿ ಟೇಪರ್ ಥ್ರೆಡ್, ಇಂಚಿಗೆ 28 ಸುತ್ತು. ಅದೇ ಸೈಜಿನ ಎನ್‌ಪಿಟಿ ನಿಪ್ಪಲ್‌ಗೆ 27 ಸುತ್ತು. ಕಣ್ಣಿಗೆ ಎರಡೂ ಒಂದೇ ಥರ, ಒಂದೆರಡು ಸುತ್ತು ಹಿಡಿಯುತ್ತದೆ ಕೂಡ, ಆಮೇಲೆ ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ ಹಾಳು.

ನಾಲ್ಕು ರೀಡಿಂಗ್ ಬರೆದುಕೊಳ್ಳಿ. ತಣ್ಣಗಿರುವಾಗ ಐಡಲಿನಲ್ಲಿ, ತಣ್ಣಗಿರುವಾಗ ಸ್ವಲ್ಪ ರೇಸ್ ಕೊಟ್ಟು, ಪೂರ್ತಿ ಬಿಸಿಯಾಗಿ ಫ್ಯಾನ್ ಒಂದೆರಡು ಸಲ ತಿರುಗಿದ ಮೇಲೆ ಐಡಲಿನಲ್ಲಿ, ಕೊನೆಗೆ ಬಿಸಿಯಲ್ಲೇ 3000 ಆರ್‌ಪಿಎಂನಲ್ಲಿ. ಎಸ್ಟೀಮಿನ ಈ ಜಿ13 ಥರದ ಇಂಜಿನ್ನಿಗೆ ಬಿಸಿಯಲ್ಲಿ 3000ಕ್ಕೆ 3ರಿಂದ 4.2 ಕೆಜಿ ಬಂದರೆ ಆರೋಗ್ಯವಾಗಿದೆ. ಪಿಎಸ್‌ಐ ಗೇಜ್ ಇದ್ದರೆ 42ರಿಂದ 60. ನಿಮ್ಮ ಕಾರಿನದು ಬೇರೆ ಆದರೆ ಅದರ ಮ್ಯಾನುಯಲ್ ನೋಡಿ.

ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಎಲ್ಲಾ ಕಡೆ ಇಳಿದರೆ ಬೇರಿಂಗು, ತೆಳು ಆಯಿಲ್, ಪಂಪು, ಈ ಮೂರರಲ್ಲಿ ಒಂದು. ಜೊತೆಗೆ ಕೆಳಗಿನಿಂದ ದಡದಡ ಸದ್ದಿದ್ದರೆ ಬೇರಿಂಗ್ ಅಂತಲೇ ಇಟ್ಟುಕೊಳ್ಳಿ. ತಣ್ಣಗಿರುವಾಗಲೂ ಪ್ರೆಷರ್ ಇಲ್ಲ ಅಂದರೆ ರಿಲೀಫ್ ವಾಲ್ವ್ ಬಾಯಿ ತೆರೆದು ಸಿಕ್ಕಿಹಾಕಿಕೊಂಡಿರಬಹುದು ಅಥವಾ ಪಂಪಿಗೆ ಆಯಿಲ್ಲೇ ಸಿಗುತ್ತಿಲ್ಲ. ಮುಳ್ಳು ಏರಿ ರೇಸಿನಲ್ಲಿ ಬಿದ್ದರೆ ಜಾಲರಿ. ಪ್ರೆಷರ್ ವಿಪರೀತ ಜಾಸ್ತಿ ಇದ್ದರೆ ರಿಲೀಫ್ ವಾಲ್ವ್ ಮುಚ್ಚಿಕೊಂಡೇ ಹಿಡಿದುಕೊಂಡಿದೆ, ಹಾಗೇ ಬಿಟ್ಟರೆ ಫಿಲ್ಟರ್ ಉಬ್ಬಿ ಒಡೆಯುತ್ತದೆ.

ಮುಳ್ಳು ನಡುಗುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿದೆ. ಸ್ಟ್ರೈನರ್ ಪೈಪು ಪಂಪಿಗೆ ಸೇರುವಲ್ಲಿ ಒಂದು ಓ-ರಿಂಗ್ ಇರುತ್ತದೆ, ಕಿರುಬೆರಳಿನ ಉಂಗುರದಷ್ಟು. ವರ್ಷಗಟ್ಟಲೆ ಬಿಸಿಗೆ ಅದು ಗಟ್ಟಿಯಾಗಿ ಚಪ್ಪಟೆಯಾಗುತ್ತದೆ, ಆಮೇಲೆ ಅಲ್ಲಿಂದ ಗಾಳಿ. ಇದನ್ನು ಚೇಂಬರ್ ಬಿಚ್ಚದೆ ಹಿಡಿಯಲು ಒಂದು ಉಪಾಯ ಇದೆ. ಮಟ್ಟಕ್ಕಿಂತ ಒಂದು ಲೀಟರ್ ಜಾಸ್ತಿ ಆಯಿಲ್ ಹಾಕಿ, ಐಡಲಿನಲ್ಲಿ ಒಂದೆರಡು ನಿಮಿಷ ಮಾತ್ರ ಗೇಜ್ ನೋಡಿ. ಸಂದು ಆಯಿಲ್ಲಿನಲ್ಲಿ ಮುಳುಗಿದರೆ ಗಾಳಿ ನಿಂತು ಮುಳ್ಳು ಏರುತ್ತದೆ. ಏರಿದರೆ ಕಳ್ಳ ಸಿಕ್ಕ. ಹೆಚ್ಚಿನ ಆಯಿಲನ್ನು ಕೂಡಲೇ ತೆಗೆದುಬಿಡಿ, ಹಾಗೇ ಓಡಿಸಬೇಡಿ, ಕ್ರ್ಯಾಂಕ್ ಅದನ್ನು ನೊರೆ ಎಬ್ಬಿಸುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಲೈಟು ಬಂದ ಕೂಡಲೇ 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕಿ ಕಳಿಸುವ ಅಭ್ಯಾಸ ಇದೆ. ಲೈಟು ಆರುತ್ತದೆ, ನಿಜ. ಬೇರಿಂಗ್ ಸವೆದ ಇಂಜಿನ್ ಅದರಿಂದ ಇನ್ನೊಂದಷ್ಟು ದಿನ ಓಡಬಹುದು, ಆದರೆ ಜಾಲರಿ ಕಟ್ಟಿದ ಇಂಜಿನ್ನಿಗೆ ಅದು ವಿಷ. ಕಟ್ಟಿದ ಜಾಲರಿಯಲ್ಲಿ ದಪ್ಪ ಆಯಿಲ್ ಇನ್ನೂ ಕಷ್ಟಪಟ್ಟು ಬರುತ್ತದೆ.

ಚೇಂಬರ್ ಇಳಿಸಿದ ಮೇಲೆ

ಆಯಿಲ್ ಡ್ರೈನ್ ಮಾಡುವಾಗ ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆ ಮೇಲೆ ತಾಮ್ರದ ಬಣ್ಣದ ಅಥವಾ ಬೆಳ್ಳಿಯಂಥ ಹೊಳಪಿನ ಪುಡಿ ಸಿಕ್ಕರೆ ಬೇರಿಂಗ್ ಶೆಲ್ ಹೋಗಿದೆ. ಆಗ ಪಂಪ್ ಬಗ್ಗೆ ಮಾತೇ ಬೇಡ, ಒಂದು ರಾಡ್ ಕ್ಯಾಪ್ ಬಿಚ್ಚಿ ಶೆಲ್ ನೋಡಿ. ಜಾಲರಿಯನ್ನು ಪೆಟ್ರೋಲಿನಲ್ಲೋ ಡೀಸೆಲ್ಲಿನಲ್ಲೋ ನೆನೆಸಿ, ಒಳಗಿನಿಂದ ಹೊರಗೆ ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ಬೆಳಕು ಎಲ್ಲಾ ಕಡೆ ಕಾಣಬೇಕು. ಆಯಿಲ್ಲಿನಲ್ಲೇ ಓಡುವ ಬೆಲ್ಟ್ ಇರುವ ಹೊಸ ಇಂಜಿನ್ನುಗಳಲ್ಲಿ ಬೆಲ್ಟಿನ ರಬ್ಬರ್ ಪುಡಿಯೂ ಇಲ್ಲೇ ಬಂದು ಸೇರುತ್ತದೆ.

ಮೇಷ್ಟ್ರ ಹಳೆಯ ಪಂಪ್ ಡಿಕ್ಕಿಯಲ್ಲೇ ಇತ್ತು, ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ತೊಳೆದು ಅಳೆದೆ. ಪಂಪ್ ಅಳೆಯುವುದು ಕಷ್ಟವಲ್ಲ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಸ್ಟೀಲ್ ಎಲೆಗಳ ಕಟ್ಟು) ಮತ್ತು ಒಂದು ನೇರ ಸ್ಟೀಲ್ ಪಟ್ಟಿ ಸಾಕು. ಹಿಂದಿನ ಪ್ಲೇಟಿನ ಸ್ಕ್ರೂ ತುಂಬಾ ಬಿಗಿ ಇರುತ್ತದೆ, ಇಂಪ್ಯಾಕ್ಟ್ ಡ್ರೈವರಿನಿಂದ ಹೊಡೆದು ತೆಗೆಯಿರಿ, ಇಲ್ಲದಿದ್ದರೆ ತಲೆ ಸವೆದು ಹೋಗುತ್ತದೆ. ಹೊರ ರೋಟರಿಗೂ ಪಂಪಿನ ಗೋಡೆಗೂ ನಡುವೆ ಫೀಲರ್ ಹಾಕಿ. ಈ ಇಂಜಿನ್ನಿಗೆ ಮಿತಿ 0.31 ಎಂ.ಎಂ. ಪಟ್ಟಿಯನ್ನು ಮೇಲೆ ಅಡ್ಡ ಇಟ್ಟು ರೋಟರಿಗೂ ಪಟ್ಟಿಗೂ ನಡುವಿನ ಸಂದು ನೋಡಿ, ಮಿತಿ 0.15. ಮೇಷ್ಟ್ರ ಪಂಪಿನಲ್ಲಿ ಗೋಡೆಯ ಸಂದಿಗೆ 0.20 ಎಲೆ ಹೋಗಲಿಲ್ಲ. ಪ್ಲೇಟಿನ ಮೇಲೆ ಉಗುರಿಗೆ ಸಿಗುವಂಥ ಗೀರೂ ಇರಲಿಲ್ಲ. ರಿಲೀಫ್ ಪ್ಲಂಜರ್ ಎಣ್ಣೆ ಹಚ್ಚಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು, ಇರಬೇಕಾದದ್ದೂ ಹಾಗೇ. ಚೆನ್ನಾಗಿದ್ದ ಪಂಪ್.

ಅಳತೆ ಮಿತಿ ದಾಟಿದ್ದರೆ, ಅಥವಾ ಗೋಡೆಯಲ್ಲಿ ಆಳದ ಗೀರು ಇದ್ದರೆ, ಆಗ ಧೈರ್ಯವಾಗಿ ಹೊಸದು ಹಾಕಿ.

ಕೂರಿಸುವುದು

ಜಿ ಸರಣಿಯಲ್ಲಿ ಪಂಪ್ ತನಕ ಹೋಗಲು ಬೆಲ್ಟುಗಳು, ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್, ಟೈಮಿಂಗ್ ಬೆಲ್ಟ್, ಕ್ರ್ಯಾಂಕಿನ ಹಲ್ಲಿನ ಪುಲ್ಲಿ, ಚೇಂಬರ್, ಸ್ಟ್ರೈನರ್ ಎಲ್ಲಾ ಬಿಚ್ಚಬೇಕು. ಬೆಲ್ಟ್ ಬಿಚ್ಚುವ ಮೊದಲು ಮಾರ್ಕುಗಳನ್ನು ಕೂಡಿಸಿ ಫೋಟೋ ತೆಗೆದುಕೊಳ್ಳಿ. ಪಂಪಿನ ಬೋಲ್ಟುಗಳಲ್ಲಿ ಉದ್ದ, ಗಿಡ್ಡ ಅಂತ ಎರಡು ಥರ ಇವೆ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ತೂತು ಮಾಡಿ, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಉದ್ದದ್ದು ಗಿಡ್ಡದ ಜಾಗಕ್ಕೆ ಹೋದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಬ್ಲಾಕಿನ ಮುಖವನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಿರಿ. ಸ್ಯಾಂಡ್‌ಪೇಪರ್ ಹಾಕಬೇಡಿ, ಆ ಪುಡಿ ಸೀದಾ ಬೇರಿಂಗಿಗೆ ಹೋಗುತ್ತದೆ. ಹೊಸ ಪಂಪಿನ ರೋಟರುಗಳಿಗೆ ಆಯಿಲ್ ತುಂಬಿ ಕೈಯಲ್ಲಿ ತಿರುಗಿಸಿ. ಕಾರು ಎರಡು ಮೂರು ದಿನ ನಿಲ್ಲುವುದಾದರೆ ಹಲ್ಲುಗಳ ನಡುವೆ ವ್ಯಾಸಲೀನ್ ತುಂಬಿ, ಅದು ಬಿಸಿಗೆ ಕರಗಿ ಆಯಿಲ್ಲಿನಲ್ಲಿ ಬೆರೆಯುತ್ತದೆ. ಗ್ರೀಸ್ ಬೇಡ, ಅದು ಗಂಟುಗಂಟಾಗಿ ಕೂತುಕೊಳ್ಳಬಹುದು. ಇದು ಬಾವಿ ಪಂಪಿಗೆ ನೀರು ತುಂಬಿಸಿದ ಹಾಗೆಯೇ, ಒಣಗಿದ ರೋಟರ್ ಬರೀ ಗಾಳಿ ತಿರುಗಿಸುತ್ತದೆ, ಕೆಳಗಿನಿಂದ ಆಯಿಲ್ ಎತ್ತುವುದಿಲ್ಲ.

ಆಯಿಲ್ ಸೀಲ್ ಹೊಸದು ಹಾಕಿ, ತುಟಿಗೆ ಆಯಿಲ್ ಸವರಿ. ಕ್ರ್ಯಾಂಕಿನ ತುದಿಯ ಅಂಚು ಚೂಪಾಗಿರುತ್ತದೆ. ಅದಕ್ಕೆಂದೇ ಇರುವ ಗೈಡ್ ಇಲ್ಲದಿದ್ದರೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲೆ ಪಂಪ್ ಜಾರಿಸಿ, ಆಮೇಲೆ ಹಾಳೆ ಎಳೆದುಬಿಡಿ. ಪಂಪನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್ ಜಾಗದಲ್ಲಿವೆಯೇ ನೋಡಿ. ಪಂಪ್ ಕೈಯಲ್ಲೇ ಒತ್ತಿದರೆ ಬ್ಲಾಕಿಗೆ ಕೂರಬೇಕು. ಕೂರದಿದ್ದರೆ ಒಳ ರೋಟರಿನ ಚಪ್ಪಟೆ ಭಾಗ ಕ್ರ್ಯಾಂಕಿಗೆ ಹೊಂದಿಲ್ಲ, ಸ್ವಲ್ಪ ತಿರುಗಿಸಿ. ಬೋಲ್ಟಿನಿಂದ ಎಳೆದು ಕೂರಿಸಲು ಹೋದರೆ ಪಂಪ್ ಒಡೆಯುತ್ತದೆ. ಬೋಲ್ಟುಗಳು 6 ಎಂ.ಎಂ. ಥ್ರೆಡ್ಡಿನವು, ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಟೈಟ್ ಆದ ಮೇಲೆ ಪ್ಯಾಕಿಂಗಿನ ಅಂಚು ಚೇಂಬರ್ ಕೂರುವ ಮುಖದಲ್ಲಿ ಚೂರು ಹೊರಗೆ ಬಂದಿರುತ್ತದೆ. ಅದನ್ನು ಬ್ಲೇಡಿನಿಂದ ಸಮಕ್ಕೆ ಕತ್ತರಿಸಿ, ಇಲ್ಲದಿದ್ದರೆ ಆ ಮೂಲೆಯಲ್ಲೇ ಆಯಿಲ್ ಜಿನುಗುತ್ತದೆ.

ಸ್ಟ್ರೈನರಿಗೆ ಹೊಸ ಓ-ರಿಂಗ್, ಆಯಿಲ್ ಸವರಿ, ತಿರುಚದ ಹಾಗೆ. ಚೇಂಬರಿಗೆ ಸಿಲಿಕಾನ್ ಬೇಕೇ ಬೇಕು ಅಂದರೆ ಬೆಂಕಿಕಡ್ಡಿ ದಪ್ಪದ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಯಲ್ಲಿ. ಬಿಗಿ ಮಾಡಿದಾಗ ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಬರುತ್ತದೆ, ಒಳಗಿನದ್ದು ನಮಗೆ ಕಾಣುವುದಿಲ್ಲ, ಜಾಲರಿಗೆ ಸಿಗುತ್ತದೆ.

ಟೈಮಿಂಗ್ ಮಾರ್ಕ್ ಕೂಡಿಸಿ ಬೆಲ್ಟ್ ಹಾಕಿ, ಸ್ಪ್ಯಾನರಿನಿಂದ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಿ. ಹೊಸ ಫಿಲ್ಟರಿಗೆ ಅರ್ಧಕ್ಕಿಂತ ಜಾಸ್ತಿ ಆಯಿಲ್ ತುಂಬಿ ಹಾಕಿ. ಗೇಜ್ ಇನ್ನೂ ತೆಗೆಯಬೇಡಿ. ಪೆಟ್ರೋಲ್ ಪಂಪಿನ ಫ್ಯೂಸ್ ಎಳೆದು, ಕಾಯಿಲಿನ ಕನೆಕ್ಟರ್ ತೆಗೆದು, ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡಿ, ಮೋಟಾರ್ ಸುಡಬಾರದು. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಸಲಕ್ಕೆ ಮುಳ್ಳು ಮೇಲೇಳುತ್ತದೆ. ಆರು ಸಲ ಆದರೂ ಏಳದಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಓ-ರಿಂಗ್ ಸರಿಯಾಗಿ ಕೂತಿಲ್ಲ ಅಥವಾ ಪಂಪಿನಲ್ಲಿ ಗಾಳಿ ನಿಂತಿದೆ. ಸ್ವಿಚ್ ತೂತಿನಿಂದ ಆಯಿಲ್ ಕ್ಯಾನಿನಲ್ಲಿ ಒಳಗೆ ಆಯಿಲ್ ತಳ್ಳಿ ಇನ್ನೊಮ್ಮೆ ನೋಡಿ, ಆಗಲೂ ಬರದಿದ್ದರೆ ಚೇಂಬರ್ ಮತ್ತೆ ಇಳಿಸಿ.

ಮುಳ್ಳು ಎದ್ದ ಮೇಲೆ ಪ್ಲಗ್, ಫ್ಯೂಸ್ ಎಲ್ಲಾ ಹಾಕಿ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಬಿಸಿಯಾಗಲು ಬಿಡಿ, ಅದೇ ನಾಲ್ಕು ರೀಡಿಂಗ್ ಮತ್ತೆ ತೆಗೆದುಕೊಳ್ಳಿ. ಮೇಷ್ಟ್ರ ಕಾರಿಗೆ ನಾವು ಹಾಕಿದ್ದು ಒಂದು ಓ-ರಿಂಗು, ಫಿಲ್ಟರು, ಹೊಸ ಆಯಿಲ್ ಅಷ್ಟೇ. ಜಾಲರಿ ತೊಳೆದೆವು, ಚೇಂಬರಿನ ಅಂಚಿನ ಸಿಲಿಕಾನ್ ಒಂದೊಂದು ಎಳೆಯನ್ನೂ ಕೆರೆದು ತೆಗೆದೆವು. ಬಿಸಿಯಲ್ಲಿ 3000ಕ್ಕೆ 3.6 ಕೆಜಿ ಬಂತು. ಹಳೆಯ ಪಂಪನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಅವರ ಡಿಕ್ಕಿಯಲ್ಲೇ ಇಟ್ಟು, ಅಳತೆಯನ್ನು ಪೇಪರಿನ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟೆ.